ಎಚ್‌ಎಂಟಿ ಬೆಡ್‌ಫರ್ಡ್‌ಶೈರ್: ಯುದ್ಧಕ್ಕೆ ಹೋದ ಮೀನಿನ ಹಡಗಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕೆಲವು ವರ್ಷಗಳಿಂದ, ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಕರಾವಳಿಯಲ್ಲಿ ಮುಳುಗಿದ ಈ ಒಂದು ಚಿಕ್ಕ ಬ್ರಿಟಿಷ್ ಹಡಗಿನ ಕತೆಯನ್ನು ಸಿಕ್ಕವರಿಗೆಲ್ಲ ಹೇಳುತ್ತಾ ಬಂದಿದ್ದೇನೆ. ಕೇಳಿದವರು ಸುಮ್ಮನಿರುವುದಿಲ್ಲ, ಮರುದಿನ ಫೋನ್ ಮಾಡುತ್ತಾರೆ, ಪತ್ರ ಬರೆಯುತ್ತಾರೆ, ಮತ್ತೆ ಸಿಕ್ಕಾಗ ಬಿಟ್ಟಲ್ಲಿಂದ ಶುರು ಮಾಡುತ್ತಾರೆ. ಹೆಚ್ಚಾಗಿ ಬಂದ ಪ್ರಶ್ನೆಗಳನ್ನು ಅವರವರ ಮಾತಿನಲ್ಲೇ ಇಟ್ಟು ಇಲ್ಲಿ ಉತ್ತರಿಸಿದ್ದೇನೆ. ಏನೂ ಗೊತ್ತಿಲ್ಲದವರು ಮೇಲಿನಿಂದ ಓದಿ. ಗೊತ್ತಿದ್ದವರು ನೇರವಾಗಿ ಕೊನೆಯ ಭಾಗಕ್ಕೆ ಹೋಗಬಹುದು.

## ಮೊದಲ ಪರಿಚಯ

ಎಚ್‌ಎಂಟಿ ಅಂದ್ರೆ ನಮಗೆ ವಾಚ್ ನೆನಪಾಗುತ್ತೆ. ಇಲ್ಲಿ ಏನರ್ಥ?

ಬೆಂಗಳೂರಿನ ಎಚ್‌ಎಂಟಿಗೂ ಇದಕ್ಕೂ ಸಂಬಂಧವಿಲ್ಲ. ಇಲ್ಲಿ ಅದು 'ಹಿಸ್ ಮೆಜೆಸ್ಟೀಸ್ ಟ್ರಾಲರ್', ಅಂದರೆ ಬ್ರಿಟನ್ನಿನ ರಾಜನ ನೌಕಾಪಡೆಗೆ ಸೇರಿದ ಟ್ರಾಲರ್. ದೊಡ್ಡ ಯುದ್ಧನೌಕೆಗಳ ಹೆಸರಿನ ಮೊದಲಿಗೆ ಎಚ್‌ಎಂಎಸ್ ಎಂದಿರುತ್ತದೆ, 'ಹಿಸ್ ಮೆಜೆಸ್ಟೀಸ್ ಶಿಪ್'. ಕೆಲವು ಕಡತಗಳಲ್ಲಿ ಬೆಡ್‌ಫರ್ಡ್‌ಶೈರ್‌ಗೂ ಎಚ್‌ಎಂಎಸ್ ಎಂದೇ ಬರೆದಿದ್ದಾರೆ. ಎರಡೂ ಒಂದೇ ಹಡಗು.

ಟ್ರಾಲರ್ ಅಂದ್ರೆ ಮಲ್ಪೆ, ಮಂಗಳೂರಿನ ಟ್ರಾಲ್ ಬೋಟ್ ಥರದ್ದೇನಾ?

ಕೆಲಸ ಅದೇ. ಹಿಂದೆ ಚೀಲದಂಥ ಬಲೆ ಬಿಟ್ಟು, ಅದನ್ನು ಸಮುದ್ರದ ತಳದಲ್ಲಿ ಎಳೆದುಕೊಂಡು ಹೋಗಿ, ವಿಂಚಿನಿಂದ ಮೇಲೆತ್ತುವುದು. ಆದರೆ ಅಳತೆ ಬೇರೆ. ಬೆಡ್‌ಫರ್ಡ್‌ಶೈರ್ ಸುಮಾರು 49 ಮೀಟರ್ ಉದ್ದ, 8 ಮೀಟರ್ ಅಗಲ, 443 ಗ್ರಾಸ್ ಟನ್. ನಮ್ಮ ಮಲ್ಪೆಯ ಆಳಸಮುದ್ರದ ಬೋಟಿಗಿಂತ ಸುಮಾರು ಎರಡು ಪಟ್ಟು ಉದ್ದ. ಡೀಸೆಲ್ ಅಲ್ಲ, ಕಲ್ಲಿದ್ದಲು ಉರಿಸಿ ಹಬೆಯಿಂದ ಓಡುತ್ತಿದ್ದ ಹಡಗು.

1935ರಲ್ಲಿ ಇಂಗ್ಲೆಂಡಿನ ಮಿಡಲ್ಸ್‌ಬರೋ ಹತ್ತಿರದ ಸ್ಮಿತ್ಸ್ ಡಾಕ್ ಕಂಪನಿ ಇದನ್ನು ಕಟ್ಟಿತು. ಊರು ಗ್ರಿಮ್ಸ್‌ಬಿ, ಆ ಕಾಲಕ್ಕೆ ಜಗತ್ತಿನ ಅತಿ ದೊಡ್ಡ ಮೀನುಗಾರಿಕೆ ಬಂದರುಗಳಲ್ಲೊಂದು. ಅಲ್ಲಿನ ಟ್ರಾಲರ್‌ಗಳು ಐಸ್‌ಲ್ಯಾಂಡ್ ದಾಟಿ ಆರ್ಕ್‌ಟಿಕ್ ಅಂಚಿನವರೆಗೆ ಕಾಡ್ ಮೀನಿಗಾಗಿ ಹೋಗುತ್ತಿದ್ದವು. ಹಗ್ಗದ ಮೇಲೆ ಹಿಮ ಗಟ್ಟಿಯಾಗುವ ಚಳಿ, ಮನೆಯೆತ್ತರದ ಅಲೆ. ಅಂಥ ನೀರಿಗೆಂದೇ ಕಟ್ಟಿದ ಗಟ್ಟಿ ಮೈ ಇದರದ್ದು.

ಮೀನಿನ ಹಡಗನ್ನ ಯುದ್ಧಕ್ಕೆ ಯಾಕೆ ತಗೊಂಡ್ರು? ಬ್ರಿಟನ್ನಿಗೆ ಹಡಗು ಇರ್ಲಿಲ್ವಾ?

ದೊಡ್ಡ ಹಡಗುಗಳು ಬೇಕಾದಷ್ಟಿದ್ದವು. ಇಲ್ಲದ್ದು ಚಿಕ್ಕ ಹಡಗು. ಜಲಾಂತರ್ಗಾಮಿ ಹುಡುಕುವುದು, ನೀರಿನಡಿಯ ಮೈನ್ (ಹಡಗಿನಡಿ ಸಿಡಿಯಲೆಂದು ಇಟ್ಟ ಸ್ಫೋಟಕ) ತೆಗೆಯುವುದು, ಸರಕು ಹಡಗುಗಳ ಜೊತೆ ಕಾವಲು ಹೋಗುವುದು, ಇವಕ್ಕೆಲ್ಲ ನೂರಾರು ಚಿಕ್ಕ ಹಡಗು ಬೇಕು. ಹೊಸದಾಗಿ ಕಟ್ಟುತ್ತಾ ಕೂರಲು ಸಮಯವಿಲ್ಲ.

ಈ ಯೋಚನೆ ಹೊಸದೇನಲ್ಲ. 1907ರಲ್ಲೇ ಅಡ್ಮಿರಲ್ ಲಾರ್ಡ್ ಚಾರ್ಲ್ಸ್ ಬೆರೆಸ್‌ಫರ್ಡ್ ಗ್ರಿಮ್ಸ್‌ಬಿಗೆ ಹೋಗಿ ಟ್ರಾಲರ್‌ಗಳ ಕೆಲಸ ನೋಡಿ, ಮೈನ್ ತೆಗೆಯಲು ಇವರೇ ಸರಿ ಎಂದು ವರದಿ ಕೊಟ್ಟಿದ್ದರು. ಕಾರಣ ಸರಳ. ಮೈನ್ ತೆಗೆಯುವುದೆಂದರೆ ನೀರಿನಡಿ ಒಂದು ಉಕ್ಕಿನ ಹಗ್ಗ ಎಳೆದುಕೊಂಡು ಹೋಗುವುದು. ಹಗ್ಗದ ಬಿಗಿ ನೋಡಿ ತಳದಲ್ಲಿ ಏನು ಸಿಕ್ಕಿದೆ ಎಂದು ಊಹಿಸುವ ಕೈ ಬಲೆ ಎಳೆದು ಪಳಗಿದವರಿಗೆ ಮೊದಲೇ ಇತ್ತು. ವಿಂಚೂ ಹಡಗಿನ ಮೇಲೇ ಇತ್ತು. 1910ರಲ್ಲಿ ನೌಕಾಪಡೆಯ ಮೀಸಲು ಪಡೆಯಲ್ಲಿ ಟ್ರಾಲರ್ ವಿಭಾಗವೇ ಶುರುವಾಯಿತು.

1939ರಲ್ಲಿ ಎರಡನೇ ಯುದ್ಧ ಬಂದಾಗ ಬೆಡ್‌ಫರ್ಡ್‌ಶೈರ್‌ನ ಸರದಿ. ಬಲೆ ಇಳಿಸಿ, ಮುಂದುಗಡೆ 4 ಇಂಚಿನ ಒಂದು ಫಿರಂಗಿ ಕೂರಿಸಿದರು. ಒಂದು ಲೂಯಿಸ್ ಮೆಷಿನ್ ಗನ್, ಹಿಂದೆ ನೀರಿನಡಿ ಸಿಡಿಯುವ ಡೆಪ್ತ್ ಚಾರ್ಜ್‌ಗಳು, ತಳದಲ್ಲಿ ಶಬ್ದದಿಂದ ಜಲಾಂತರ್ಗಾಮಿ ಹುಡುಕುವ ಆಸ್ಡಿಕ್ ಯಂತ್ರ. ಪಕ್ಕದ ಮೇಲೆ ಎಫ್‌ವೈ 141 ಎಂದು ಸಂಖ್ಯೆ ಬರೆದರು. ಮುಂದಿನ ಎರಡು ವರ್ಷಕ್ಕೂ ಹೆಚ್ಚು ಕಾಲ ಇಂಗ್ಲೆಂಡಿನ ನೈಋತ್ಯ ಕರಾವಳಿ, ಬ್ರಿಸ್ಟಲ್ ಕಾಲುವೆ ಸುತ್ತ ಕಾವಲು ತಿರುಗಿತು.

ಅದರಲ್ಲಿ ಇದ್ದವರು ಸೈನಿಕರಾ, ಮೀನುಗಾರರಾ?

ಇಬ್ಬರೂ. ಇಂಥ ಚಿಕ್ಕ ಹಡಗುಗಳಿಗೆಂದೇ 'ರಾಯಲ್ ನೇವಲ್ ಪೆಟ್ರೋಲ್ ಸರ್ವಿಸ್' ಎಂಬ ಪ್ರತ್ಯೇಕ ವಿಭಾಗವಿತ್ತು. ಅದರ ಠಾಣೆ ಲೋಸ್ಟಾಫ್ಟ್ ಊರಿನ 'ಸ್ಪ್ಯಾರೋಸ್ ನೆಸ್ಟ್', ಗುಬ್ಬಚ್ಚಿಯ ಗೂಡು ಎಂಬ ಹೆಸರಿನ ಒಂದು ಉದ್ಯಾನ. ಮೊದಲು ಸಂಗೀತ ಕಛೇರಿ ನಡೆಯುತ್ತಿದ್ದ ಜಾಗ ಅದು. ಅಲ್ಲಿಗೆ ಮೀನುಗಾರರು ಬಂದರು. ಜೊತೆಗೆ ಸಮುದ್ರವನ್ನೇ ಕಾಣದ ಗುಮಾಸ್ತರು, ಕಾರ್ಖಾನೆಯ ಹುಡುಗರೂ ಬಂದರು. ಹಡಗಿನ ಮೇಲೆ ಕಲಿಸುವವರು ಬಹುಪಾಲು ಹಳೆಯ ತಾಂಡೇಲರೇ, ಅಂದರೆ ಮೀನು ದೋಣಿಯ ಮುಖ್ಯಸ್ಥರೇ.

ಉಳಿದ ನೌಕಾಪಡೆ ಇವರನ್ನು 'ಹ್ಯಾರಿ ಟೇಟನ ನೇವಿ' ಎಂದು ಆಡಿಕೊಳ್ಳುತ್ತಿತ್ತು. ಹ್ಯಾರಿ ಟೇಟ್ ಆ ಕಾಲದ ಹಾಸ್ಯನಟ, ಕೆಟ್ಟುನಿಲ್ಲುವ ಯಂತ್ರಗಳ ಜೊತೆ ಒದ್ದಾಡುವುದು ಅವನ ಆಟ. ಆದರೆ ಈ ವಿಭಾಗದವರಿಗೆ ಮಾತ್ರ ಸಿಗುತ್ತಿದ್ದ ಒಂದು ಬೆಳ್ಳಿ ಬ್ಯಾಡ್ಜ್ ಇತ್ತು. ಶಿಲಿಂಗ್ ನಾಣ್ಯದಷ್ಟು ದೊಡ್ಡದು. ಅದರ ಮೇಲೆ ಬಲೆ, ಮೈನ್, ಚೂಪಾದ ಕಬ್ಬಿಣಕ್ಕೆ ಚುಚ್ಚಿದ ಶಾರ್ಕ್. ಲೋಸ್ಟಾಫ್ಟ್‌ನ ಸ್ಮಾರಕದಲ್ಲಿ ಈ ವಿಭಾಗದ 2,385 ಹೆಸರುಗಳಿವೆ. ಸಮುದ್ರವೇ ಸಮಾಧಿಯಾದವರ ಹೆಸರು ಮಾತ್ರ ಅದು.

## ಅಮೆರಿಕದ ಕರಾವಳಿಗೆ

ಅಮೆರಿಕ ಅಷ್ಟು ದೊಡ್ಡ ದೇಶ. ಬ್ರಿಟನ್ನಿನ ಮೀನು ಹಡಗುಗಳ ಸಹಾಯ ಯಾಕೆ ಬೇಕಾಯ್ತು?

ಎಲ್ಲರೂ ಕೇಳುವ ಪ್ರಶ್ನೆ ಇದು. ಸ್ವಲ್ಪ ಉದ್ದವಾಗಿಯೇ ಹೇಳಬೇಕು.

1941ರ ಡಿಸೆಂಬರ್‌ನಲ್ಲಿ ಪರ್ಲ್ ಹಾರ್ಬರ್ ದಾಳಿಯಾಯಿತು, ಅಮೆರಿಕ ಯುದ್ಧಕ್ಕಿಳಿಯಿತು. ಜರ್ಮನಿಯ ಜಲಾಂತರ್ಗಾಮಿ ಪಡೆಯ ಮುಖ್ಯಸ್ಥ ಅಡ್ಮಿರಲ್ ಡೋನಿಟ್ಸ್ ಕೂಡಲೇ ಐದು ದೊಡ್ಡ ಯು-ಬೋಟ್‌ಗಳನ್ನು (ಜರ್ಮನ್ ಜಲಾಂತರ್ಗಾಮಿಗಳನ್ನು) ಅಮೆರಿಕದ ಪೂರ್ವ ಕರಾವಳಿಗೆ ಅಟ್ಟಿದ. ಆ ಕಾರ್ಯಾಚರಣೆಯ ಹೆಸರು 'ಪೌಕೆನ್‌ಷ್ಲಾಗ್', ನಗಾರಿಯ ಪೆಟ್ಟು. 1942ರ ಜನವರಿಯಲ್ಲಿ ಅವರು ಬಂದು ನೋಡಿದರೆ ಯುದ್ಧದ ಸುಳಿವೇ ಇಲ್ಲ. ಊರುಗಳ ದೀಪ ಉರಿಯುತ್ತಿವೆ, ದೀಪಸ್ತಂಭಗಳು ಮಿನುಗುತ್ತಿವೆ, ಹಡಗುಗಳು ಒಂಟೊಂಟಿಯಾಗಿ ಸಾಲು ಹಿಡಿದು ಹೋಗುತ್ತಿವೆ. ದಡದ ಬೆಳಕಿಗೆ ಎದುರಾಗಿ ಪ್ರತಿ ಹಡಗೂ ಕಪ್ಪು ನೆರಳಾಗಿ ಎದ್ದು ಕಾಣುತ್ತಿತ್ತು. ಯು-ಬೋಟಿನವರು ಕತ್ತಲಲ್ಲಿ ನೀರಿನ ಮೇಲೆ ಕೂತು ಗುರಿ ಹಿಡಿದರೆ ಸಾಕಿತ್ತು.

ಎಲ್ಲಕ್ಕಿಂತ ಕೆಟ್ಟ ಜಾಗ ನಾರ್ತ್ ಕ್ಯಾರೊಲೈನಾದ ಕೇಪ್ ಹ್ಯಾಟೆರಸ್. ದಕ್ಷಿಣದಿಂದ ಎಣ್ಣೆ ಹೊತ್ತು ಬರುವ ಟ್ಯಾಂಕರ್‌ಗಳೆಲ್ಲ ಆ ಮೂಗನ್ನು ಸುತ್ತಿಯೇ ನ್ಯೂಯಾರ್ಕಿಗೆ ಹೋಗಬೇಕು. ಅಲ್ಲಿ ಆಳದ ನೀರು ದಡಕ್ಕೆ ತೀರಾ ಹತ್ತಿರ. ಹಗಲಲ್ಲಿ ತಳದಲ್ಲಿ ಅಡಗಿ, ರಾತ್ರಿ ಮೇಲೆ ಬರಲು ಯು-ಬೋಟಿಗೆ ಹೇಳಿ ಮಾಡಿಸಿದಂತಿತ್ತು. 'ಟಾರ್ಪಿಡೊ ಓಣಿ' ಎಂಬ ಹೆಸರು ಆಗ ಹುಟ್ಟಿದ್ದು. ಟಾರ್ಪಿಡೊ ಎಂದರೆ ನೀರಿನಡಿ ಓಡಿ ಹಡಗಿಗೆ ತಾಗಿ ಸಿಡಿಯುವ ಸ್ಫೋಟಕ. ದಡದ ಜನ ರಾತ್ರಿ ಕಿಟಕಿಯಿಂದ ಟ್ಯಾಂಕರ್ ಉರಿಯುವುದನ್ನು ನೋಡುತ್ತಿದ್ದರು. ಬೆಳಿಗ್ಗೆ ಮರಳಿನ ಮೇಲೆ ಎಣ್ಣೆ, ಮುರಿದ ಹಲಗೆ, ಒಮ್ಮೊಮ್ಮೆ ಹೆಣ.

ಅಮೆರಿಕದ ಪೂರ್ವ ಕರಾವಳಿಯ ಹೊಣೆ ಹೊತ್ತಿದ್ದ ಅಡ್ಮಿರಲ್ ಆಂಡ್ರೂಸ್ ಕೈಯಲ್ಲಿ ಜಲಾಂತರ್ಗಾಮಿಯನ್ನು ಬೆನ್ನಟ್ಟಬಲ್ಲ ಹಡಗು ತೀರಾ ಕಡಿಮೆ. ಒಳ್ಳೆಯ ಡಿಸ್ಟ್ರಾಯರ್‌ಗಳು (ವೇಗದ ಯುದ್ಧನೌಕೆಗಳು) ಅಟ್ಲಾಂಟಿಕ್ ಕಾನ್ವಾಯ್‌ಗಳಲ್ಲಿ (ಕಾವಲಿನೊಂದಿಗೆ ಗುಂಪಾಗಿ ಹೋಗುವ ಸರಕು ಹಡಗುಗಳ ಜೊತೆ) ಇದ್ದವು, ಪೆಸಿಫಿಕ್‌ನಲ್ಲಿದ್ದವು. ಇತ್ತ ಮುಳುಗುತ್ತಿದ್ದ ಎಣ್ಣೆ, ಆಹಾರದಲ್ಲಿ ಬಹುಪಾಲು ಹೋಗಬೇಕಿದ್ದದ್ದು ಬ್ರಿಟನ್ನಿಗೇ. ಅವರಿಗೆ ಎರಡೂವರೆ ವರ್ಷದ ಅನುಭವವಿತ್ತು. ಹಾಗಾಗಿ 24 ಟ್ರಾಲರ್‌ಗಳನ್ನು ಸಿಬ್ಬಂದಿ ಸಮೇತ ಅಮೆರಿಕಕ್ಕೆ ಎರವಲು ಕೊಡಲು ಒಪ್ಪಿದರು. ಬೆಡ್‌ಫರ್ಡ್‌ಶೈರ್ ಅವುಗಳಲ್ಲಿ ಒಂದು.

24ರಲ್ಲಿ ಎಷ್ಟು ಉಳಿದವು?

ಆರು ಹೋದವು. ನಾರ್ದರ್ನ್ ಪ್ರಿನ್ಸೆಸ್ ಅಮೆರಿಕ ತಲುಪಲೇ ಇಲ್ಲ, ಮಾರ್ಚ್‌ನಲ್ಲಿ ದಾರಿಯಲ್ಲೇ ಯು-94 ಅದನ್ನು ಮುಳುಗಿಸಿತು. ಏಪ್ರಿಲ್‌ನಲ್ಲಿ ಸೇಂಟ್ ಕಥಾನ್, ಮೇ 6ಕ್ಕೆ ಸೆನೆಟರ್ ಡುಹಾಮೆಲ್, ಸೆಪ್ಟೆಂಬರ್‌ನಲ್ಲಿ ಪೆಂಟ್‌ಲ್ಯಾಂಡ್ ಫರ್ತ್, ಈ ಮೂರೂ ತಮ್ಮ ಕಡೆಯದೇ ಹಡಗುಗಳಿಗೆ ಡಿಕ್ಕಿಯಾಗಿ ಮುಳುಗಿದವು. ದೀಪ ಆರಿಸಿಕೊಂಡು ಕತ್ತಲಲ್ಲಿ ಓಡಾಡುವುದಕ್ಕೆ ತೆತ್ತ ಬೆಲೆ. ಜೂನ್‌ನಲ್ಲಿ ಕಿಂಗ್‌ಸ್ಟನ್ ಸಿಲೊನೈಟ್ ವರ್ಜೀನಿಯಾ ದಡದ ಹತ್ತಿರ ಮೈನಿಗೆ ಸಿಕ್ಕಿತು. ಆರನೆಯದು ಬೆಡ್‌ಫರ್ಡ್‌ಶೈರ್.

ದಿನಾ ಅದರ ಕೆಲಸ ಏನಿತ್ತು?

ತಿರುಗುವುದು, ಕೇಳುವುದು. ವರ್ಜೀನಿಯಾದ ನಾರ್ಫಕ್ ಮತ್ತು ನಾರ್ತ್ ಕ್ಯಾರೊಲೈನಾದ ಮೋರ್‌ಹೆಡ್ ಸಿಟಿ ಬಂದರುಗಳಿಂದ ಹೊರಟು, ಕೆಲವು ದಿನ ಕಾವಲು ತಿರುಗಿ, ಕಲ್ಲಿದ್ದಲು ಮುಗಿಯುವ ಹೊತ್ತಿಗೆ ವಾಪಸ್. ಒಮ್ಮೊಮ್ಮೆ ಸರಕು ಹಡಗಿನ ಜೊತೆ ಬೆಂಗಾವಲು.

ಆಸ್ಡಿಕ್ ಎನ್ನುವುದು ನೀರಿನಡಿ 'ಪಿಂಗ್' ಎಂದು ಶಬ್ದ ಕಳಿಸಿ ಮರುದನಿಗೆ ಕಾಯುವ ಯಂತ್ರ. ಕಿವಿಗೆ ಹೆಡ್‌ಫೋನ್ ಹಾಕಿ ಕೂತವನಿಗೆ ಮರುದನಿ ಬಂದರೆ ಅದು ಜಲಾಂತರ್ಗಾಮಿಯೂ ಆಗಬಹುದು, ಮೀನಿನ ಹಿಂಡೂ ಆಗಬಹುದು. ಆ ಸಮುದ್ರದಲ್ಲಂತೂ ಹಳೆಯ ಮುಳುಗಿದ ಹಡಗುಗಳೇ ಹೆಜ್ಜೆ ಹೆಜ್ಜೆಗೆ. ಸಂಶಯ ಬಂದರೆ ಡೆಪ್ತ್ ಚಾರ್ಜ್ ಬೀಳಿಸಬೇಕು. ನೋಡಲು ಎಣ್ಣೆಯ ಡ್ರಮ್ಮಿನಂಥದ್ದು, ಒಳಗೆ ಸುಮಾರು 130 ಕಿಲೊ ಸ್ಫೋಟಕ. ನೀರಿನ ಒತ್ತಡ ಎಷ್ಟಾದಾಗ ಸಿಡಿಯಬೇಕೆಂದು ಮೊದಲೇ ತಿರುಗಿಸಿ ಇಡುತ್ತಾರೆ. 12 ನಾಟ್ (ಗಂಟೆಗೆ ಸುಮಾರು 22 ಕಿಲೊಮೀಟರ್) ಆಸುಪಾಸಿನ ವೇಗದ ಟ್ರಾಲರ್, ಕಡಿಮೆ ಆಳಕ್ಕೆ ಇಟ್ಟ ಡೆಪ್ತ್ ಚಾರ್ಜ್ ಬೀಳಿಸಿ ದೂರ ಓಡದಿದ್ದರೆ ತನ್ನ ಹಿಂಬದಿಗೇ ಪೆಟ್ಟು.

ಏಪ್ರಿಲ್ 14ರಂದು ಅಮೆರಿಕದ ಡಿಸ್ಟ್ರಾಯರ್ ರೋಪರ್ ಯು-85 ಅನ್ನು ಮುಳುಗಿಸಿತು. ಯುದ್ಧಕ್ಕಿಳಿದ ಮೇಲೆ ಆ ಕರಾವಳಿಯಲ್ಲಿ ಅಮೆರಿಕದ ಹಡಗೊಂದು ಮುಳುಗಿಸಿದ ಮೊದಲ ಯು-ಬೋಟ್ ಅದು. ತಳದಲ್ಲಿ ಬಿದ್ದ ಅದರೊಳಗೆ ಹೋಗಲು ಮುಳುಗುಗಾರರು ಹಲವು ದಿನ ಪ್ರಯತ್ನಪಟ್ಟರು. ಆಗ ಮೇಲೆ ನಿಂತು ಕಾವಲು ಕಾದದ್ದು ಬೆಡ್‌ಫರ್ಡ್‌ಶೈರ್. ಮುಳುಗುಗಾರ ಕೆಳಗಿದ್ದಾಗ ಮೇಲಿನ ಹಡಗು ಅಲ್ಲಾಡುವಂತಿಲ್ಲ, ನಿಂತ ಹಡಗೆಂದರೆ ಟಾರ್ಪಿಡೊಗೆ ಕೊಟ್ಟ ಆಹ್ವಾನ. ಅಂಥ ಕಡೆ ಸುತ್ತ ಕಾವಲಿರುವವನ ಮೇಲೆ ಎಷ್ಟು ಭಾರ ಎಂದು ದೋಣಿ ಹತ್ತಿದವರಿಗೆ ಗೊತ್ತು.

ಒಂದಾದರೂ ಜಲಾಂತರ್ಗಾಮಿ ಮುಳುಗಿಸ್ತಾ?

ಇಲ್ಲ. ಆ 24ರಲ್ಲಿ ಲೆ ಟೈಗರ್ ಎಂಬ ಟ್ರಾಲರ್ 1942ರ ಜುಲೈ 3ರಂದು ಯು-215 ಅನ್ನು ಮುಳುಗಿಸಿತು. ಬೆಡ್‌ಫರ್ಡ್‌ಶೈರ್‌ಗೆ ಆ ಗಳಿಗೆ ಬರಲಿಲ್ಲ. ಇದನ್ನು ಕೇಳಿ ಕೆಲವರ ಮುಖ ಸಪ್ಪಗಾಗುತ್ತದೆ. ನನಗೆ ಹಾಗನಿಸುವುದಿಲ್ಲ. ಕಾವಲು ಹಡಗು ತಿರುಗುತ್ತಿದ್ದರೆ ಯು-ಬೋಟ್ ಮೇಲೆ ಬರಲು ಹಿಂಜರಿಯುತ್ತದೆ. ನೀರಿನಡಿ ಅದು ಆಮೆಯಂತೆ ನಿಧಾನ, ಬ್ಯಾಟರಿಯೂ ಮುಗಿಯುತ್ತದೆ. ಹಾಗೆ ತಡವಾದದ್ದರಿಂದ ತಪ್ಪಿಸಿಕೊಂಡು ಹೋದ ಟ್ಯಾಂಕರ್ ಯಾವ ಲೆಕ್ಕದ ಪುಸ್ತಕದಲ್ಲೂ ಬರುವುದಿಲ್ಲ.

## 1942ರ ಮೇ

ಆ ರಾತ್ರಿ ನಿಜಕ್ಕೂ ಏನಾಯ್ತು?

ಹಡಗಿನ ಕಡೆಯಿಂದ ಹೇಳಲು ಯಾರೂ ಉಳಿಯಲಿಲ್ಲ. ನಮಗೆ ತಿಳಿದಿರುವುದು ಮುಳುಗಿಸಿದವರ ದಿನಚರಿಯಿಂದ, ಅಂದರೆ ಯು-558ರ ದಾಖಲೆಯಿಂದ.

ಹಡಗು ಮುಳುಗಿದ್ದು ಮೇ 11ರ ರಾತ್ರಿ. ಅದಕ್ಕೆ ಎರಡು ದಿನ ಮೊದಲು, ಮೇ 9ರಂದು, ನಾರ್ತ್ ಕ್ಯಾರೊಲೈನಾದ ಕೇಪ್ ಲುಕ್‌ಔಟ್ ಕಡೆ ಅಮೆರಿಕದ ಕೋಸ್ಟ್ ಗಾರ್ಡ್ ಹಡಗು ಇಕಾರಸ್ ಯು-352 ಅನ್ನು ಮುಳುಗಿಸಿ 33 ಜನರನ್ನು ಸೆರೆ ಹಿಡಿದಿತ್ತು. ಗಾಳಿ ತಿರುಗತೊಡಗಿತ್ತು. ಬೆಡ್‌ಫರ್ಡ್‌ಶೈರ್, ಜೊತೆಗೆ ಸೇಂಟ್ ಲೋಮನ್ ಎಂಬ ಇನ್ನೊಂದು ಟ್ರಾಲರ್, ಆ ಭಾಗದಲ್ಲಿ ಹುಡುಕಾಟದಲ್ಲಿದ್ದವು. ಬೆಡ್‌ಫರ್ಡ್‌ಶೈರ್‌ನ ಕಮಾಂಡರ್ ಲೆಫ್ಟಿನೆಂಟ್ ಆರ್. ಬಿ. ಡೇವಿಸ್.

ಯು-558ರ ನಾಯಕ ಗುಂಥರ್ ಕ್ರೆಖ್. ಅವನು ಕತ್ತಲಲ್ಲಿ ಟ್ರಾಲರನ್ನು ಗುರುತಿಸಿದ. ಮೊದಲು ಹೊಡೆದ ಟಾರ್ಪಿಡೊಗಳು ತಪ್ಪಿದವು. ಟ್ರಾಲರಿನವರಿಗೆ ಅದು ಗೊತ್ತಾದ ಸೂಚನೆ ಇಲ್ಲ. ಆಮೇಲೆ ಹೊಡೆದದ್ದು ತಾಗಿತು. 443 ಟನ್ನಿನ ಹಡಗಿಗೆ ಸಾವಿರಾರು ಟನ್ನಿನ ಟ್ಯಾಂಕರ್ ಸೀಳುವ ಟಾರ್ಪಿಡೊ. ತಾಗಿದ ಕೂಡಲೇ ಮುಳುಗಿತು. ಲೈಫ್ ಬೋಟ್ ಇಳಿಸುವುದಿರಲಿ, ವೈರ್‌ಲೆಸ್‌ನಲ್ಲಿ ಒಂದು ಮಾತು ಹೇಳುವಷ್ಟೂ ಹೊತ್ತು ಸಿಗಲಿಲ್ಲ. ಒಳಗಿದ್ದ 37 ಜನರೂ ಹೋದರು.

ಆಸ್ಡಿಕ್ ಇತ್ತಲ್ಲ, ಯು-ಬೋಟ್ ಕಾಣಿಸಲಿಲ್ವಾ?

ಆಸ್ಡಿಕ್ ನೀರಿನಡಿ ಇರುವುದನ್ನು ಹುಡುಕುತ್ತದೆ. ನೀರಿನ ಮೇಲೆ ತೇಲುತ್ತಿರುವ ಯು-ಬೋಟ್ ಅದಕ್ಕೆ ಸಿಗುವುದು ಕಷ್ಟ. ಕಣ್ಣಿಗೂ ಅದು ರಾತ್ರಿ ಒಂದು ತಗ್ಗಿನ ಗೆರೆ ಅಷ್ಟೇ. ಇನ್ನೊಂದು ಕಡೆ, ಯು-558 ಮಾದರಿಯ ಯು-ಬೋಟ್ ನೀರಿನ ಮೇಲೆ 17 ನಾಟ್‌ಗೂ ಹೆಚ್ಚು ಓಡುತ್ತದೆ. ಅಂದರೆ ಬೇಟೆಗಾರನಿಗಿಂತ ಬೇಟೆಗೇ ಓಟ ಹೆಚ್ಚು. ಗುರಿ ತಪ್ಪಿದರೆ ಸುತ್ತು ಹಾಕಿ ಮತ್ತೆ ಬಂದು ಹೊಡೆಯಬಹುದು. ಆ ರಾತ್ರಿ ನಡೆದದ್ದು ಅದೇ.

ಒಂದು ಕಡೆ ಮೇ 11, ಇನ್ನೊಂದು ಕಡೆ ಮೇ 12 ಅಂತ ಇದೆ. ಯಾವುದು ಸರಿ?

ಎರಡೂ ಸರಿ. ಜರ್ಮನ್ ಯು-ಬೋಟ್‌ಗಳು ಜಗತ್ತಿನ ಯಾವ ಮೂಲೆಗೆ ಹೋದರೂ ಜರ್ಮನಿಯ ಗಡಿಯಾರವನ್ನೇ ಇಟ್ಟುಕೊಳ್ಳುತ್ತಿದ್ದವು. ಟಾರ್ಪಿಡೊ ತಾಗಿದ ಹೊತ್ತು ಆ ಗಡಿಯಾರದಲ್ಲಿ ಮೇ 12ರ ಬೆಳಗಿನ 5:40. ಅಮೆರಿಕದ ಪೂರ್ವ ಕರಾವಳಿ ಆಗ ಅದಕ್ಕಿಂತ ಆರು ಗಂಟೆ ಹಿಂದೆ. ಅಲ್ಲಿ ಅದು ಮೇ 11ರ ರಾತ್ರಿ 11:40. ಬೆಳಗಿನ ಜಾವದ ದಾಳಿ ಎಂದು ಬರೆದವರು ಈ ಲೆಕ್ಕ ಮಾಡಿರುವುದಿಲ್ಲ.

ಮುಳುಗಿದ್ದು ಯಾರಿಗೂ ಗೊತ್ತಾಗಲೇ ಇಲ್ವಾ?

ಇಲ್ಲ. ನನ್ನನ್ನು ಹೆಚ್ಚು ಕಾಡುವುದು ಇದೇ. ಕಾವಲಿಗೆ ಹೋದ ಹಡಗು ಕೆಲವು ದಿನ ಸುದ್ದಿಯಿಲ್ಲದೆ ಇರುವುದು ಮಾಮೂಲು, ವೈರ್‌ಲೆಸ್ ಬಳಸಿದರೆ ಶತ್ರುವಿಗೆ ಸುಳಿವು ಸಿಗುತ್ತದೆಂದು ಬಾಯಿ ಮುಚ್ಚಿಕೊಂಡೇ ಇರುತ್ತಿದ್ದರು. ಹಾಗಾಗಿ ದಡದಲ್ಲಿ ಯಾರೂ ಗಾಬರಿಯಾಗಲಿಲ್ಲ. ಮೇ 14ರಂದು ನಾರ್ತ್ ಕ್ಯಾರೊಲೈನಾದ ಓಕ್ರಕೋಕ್ ದ್ವೀಪದ ಮರಳಿನ ಮೇಲೆ ಇಬ್ಬರ ದೇಹ ಸಿಕ್ಕಿತು. ಬೆಡ್‌ಫರ್ಡ್‌ಶೈರ್ ಇಲ್ಲವಾಗಿದೆ ಎಂಬ ಸುದ್ದಿ ದಡಕ್ಕೆ ಬಂದದ್ದು ಹೀಗೆ, ಅದರಲ್ಲಿದ್ದವರೇ ತಂದ ಸುದ್ದಿಯಾಗಿ.

ಬಾವುಟದ ಕತೆ ನಿಜವಾ? ಯಾರೋ ಕಟ್ಟಿ ಹೇಳಿದ ಹಾಗಿದೆ.

ನಿಜ. ನಾನೂ ಮೊದಲ ಸಲ ಕೇಳಿದಾಗ ನಂಬಿರಲಿಲ್ಲ.

ಏಪ್ರಿಲ್ 10ರಂದು ಹ್ಯಾಟೆರಸ್ ಆಚೆ ಸ್ಯಾನ್ ಡೆಲ್ಫಿನೊ ಎಂಬ ಬ್ರಿಟಿಷ್ ಟ್ಯಾಂಕರನ್ನು ಯು-203 ಹೊಡೆದು ಮುಳುಗಿಸಿತ್ತು. ಅದರವರ ದೇಹಗಳು ದಡಕ್ಕೆ ಬರತೊಡಗಿದವು. ಅಮೆರಿಕದ ನೌಕಾಪಡೆಯ ಗುಪ್ತಚರ ವಿಭಾಗಕ್ಕೆ ಕೆಲಸ ಮಾಡುತ್ತಿದ್ದ ಏಕಾಕ್ ಬ್ರೌನ್ ಎಂಬವರ ಪಾಲಿಗೆ, ಸಿಕ್ಕ ದೇಹಗಳನ್ನು ಗುರುತಿಸಿ ಮರ್ಯಾದೆಯಿಂದ ಮಣ್ಣು ಮಾಡಿಸುವ ಕೆಲಸ ಬಂದಿತ್ತು. ಬ್ರಿಟಿಷ್ ನಾವಿಕರನ್ನು ಅವರ ಬಾವುಟ ಹೊದಿಸಿಯೇ ಕಳಿಸಬೇಕು. ಆ ಬಾವುಟ ಅಮೆರಿಕದ ಹಳ್ಳಿಯಲ್ಲಿ ಎಲ್ಲಿ ಸಿಗಬೇಕು? ಬಂದರಿನಲ್ಲಿ ನಿಂತಿದ್ದ ಒಂದು ಬ್ರಿಟಿಷ್ ಹಡಗು ಹತ್ತಿ ಕೇಳಿದರು. ಆ ಹಡಗು ಬೆಡ್‌ಫರ್ಡ್‌ಶೈರ್. ಮಾತಾಡಿಸಿದವರು ಸಬ್ ಲೆಫ್ಟಿನೆಂಟ್ ಥಾಮಸ್ ಕನಿಂಗ್‌ಹ್ಯಾಮ್, ಗಡ್ಡ ಬಿಟ್ಟಿದ್ದ ಯುವಕ. ಬಂದವರನ್ನು ಪ್ರೀತಿಯಿಂದ ಕೂರಿಸಿ ಉಪಚರಿಸಿ, ಬಾವುಟಗಳನ್ನು ಕೊಟ್ಟು ಕಳಿಸಿದ.

ಕೆಲವೇ ದಿನಗಳ ಮೇಲೆ ಓಕ್ರಕೋಕ್‌ನಿಂದ ಕರೆ. ಎರಡು ದೇಹ ಸಿಕ್ಕಿವೆ, ಬಂದು ಗುರುತಿಸಿ ಎಂದು. ಬ್ರೌನ್ ಬಂದು ನೋಡಿದರೆ ಒಂದು ಮುಖ ಅದೇ ಗಡ್ಡದ ಯುವಕನದು. ಕನಿಂಗ್‌ಹ್ಯಾಮ್ ಬೇರೆಯವರಿಗೆಂದು ಕೊಟ್ಟಿದ್ದ ಬಾವುಟಗಳಲ್ಲಿ ಉಳಿದಿದ್ದನ್ನೇ ಅವನಿಗೆ ಹೊದಿಸಿದರು. ಊರಲ್ಲಿ ಅವನ ಹೆಂಡತಿ ಆಗ ಬಸುರಿ.

ಎರಡನೆಯವರು ಸ್ಟ್ಯಾನ್ಲಿ ಕ್ರೇಗ್, ವೈರ್‌ಲೆಸ್ ವಿಭಾಗದ ಟೆಲಿಗ್ರಾಫಿಸ್ಟ್. ಸುಮಾರು ಒಂದು ವಾರದ ಮೇಲೆ ಇನ್ನಿಬ್ಬರು ಸಿಕ್ಕರು. ಅವರ ಹೆಸರು ಗೊತ್ತಾಗಲಿಲ್ಲ, ಬಟ್ಟೆಯಿಂದ ಬೆಡ್‌ಫರ್ಡ್‌ಶೈರ್‌ನವರೆಂದು ತೀರ್ಮಾನಿಸಿದರು. ದ್ವೀಪದಲ್ಲಿ ಶವಪೆಟ್ಟಿಗೆ ಸಿದ್ಧವಿರಲಿಲ್ಲ. ಬಾತುಕೋಳಿ ಬೇಟೆಗೆ ಹೋಗುವವರು ನೀರಲ್ಲಿ ಅಡಗಿ ಕೂರಲು ಬಳಸುವ ಮರದ ಪೆಟ್ಟಿಗೆಗಳಿದ್ದವು. ಅವನ್ನೇ ತಂದರು. ಒಂದು ಮನೆತನ ತಮ್ಮ ಹಿರಿಯರ ಸಮಾಧಿಗಳ ಪಕ್ಕದಲ್ಲೇ ಜಾಗ ಬಿಟ್ಟುಕೊಟ್ಟಿತು. ಹೆಸರು ಗೊತ್ತಿಲ್ಲದ ಹುಡುಗರಿಗೆ ತಮ್ಮವರ ಮಗ್ಗುಲಲ್ಲೇ ಜಾಗ.

ಒಬ್ಬ ಬದುಕಿದ ಅಂತಾರಲ್ಲ?

ಹಡಗಿನಲ್ಲಿದ್ದವರಲ್ಲಿ ಯಾರೂ ಇಲ್ಲ. ಆದರೆ ಬಾಯ್ಲರಿಗೆ ಕಲ್ಲಿದ್ದಲು ತುಂಬುವ ಒಬ್ಬ ಸ್ಟೋಕರ್ ಹಿಂದಿನ ರಾತ್ರಿ ಮೋರ್‌ಹೆಡ್ ಸಿಟಿಯಲ್ಲಿ ದಡಕ್ಕಿಳಿದು ಪೊಲೀಸರ ಕೈಗೆ ಸಿಕ್ಕಿದ್ದ. ಬಿಡಿಸಿಕೊಂಡು ಧಕ್ಕೆಗೆ ಓಡಿ ಬರುವಷ್ಟರಲ್ಲಿ ಹಡಗು ಹೊರಟುಹೋಗಿತ್ತು. ಹಾಗೆ ಅವನೊಬ್ಬ ಉಳಿದ.

## ಆಮೇಲಿನ ಕತೆ

ಓಕ್ರಕೋಕ್‌ನ ಆ ಸಮಾಧಿ ಜಾಗ ಬ್ರಿಟನ್ನಿಗೆ ಸೇರಿದ್ದು ಅಂತ ಕೇಳಿದ್ದೆ. ನಿಜವಾ? ಹೋಗಿ ನೋಡಬಹುದಾ?

ಬ್ರಿಟನ್ನಿನ ನೆಲವಲ್ಲ. ಕಾಮನ್‌ವೆಲ್ತ್ ಯುದ್ಧಸಮಾಧಿ ಆಯೋಗಕ್ಕೆ ಶಾಶ್ವತ ಗುತ್ತಿಗೆಗೆ ಕೊಟ್ಟ ಜಾಗ. ಬ್ರಿಟನ್ನಿನ ಬಾವುಟ ಅಲ್ಲಿ ಯಾವಾಗಲೂ ಹಾರುವುದರಿಂದ 'ಅಮೆರಿಕದೊಳಗಿನ ಇಂಗ್ಲೆಂಡ್' ಎಂಬ ಮಾತು ಹುಟ್ಟಿದೆ.

ಖಂಡಿತ ಹೋಗಬಹುದು. ರಾಲಿ, ಶಾರ್ಲಟ್ ಕಡೆ ಇರುವ ಕನ್ನಡದವರು ಔಟರ್ ಬ್ಯಾಂಕ್ಸ್‌ಗೆ (ಆ ಕರಾವಳಿಯ ದ್ವೀಪಗಳ ಸಾಲಿಗೆ) ಬೇಸಿಗೆಯಲ್ಲಿ ಹೋಗುತ್ತೀರಿ, ದೀಪಸ್ತಂಭ ನೋಡಿ ವಾಪಸ್ ಬರುತ್ತೀರಿ. ಇನ್ನೊಂದು ದಿನ ಇಟ್ಟುಕೊಳ್ಳಿ. ದ್ವೀಪಕ್ಕೆ ಸೇತುವೆಯಿಲ್ಲ. ಹ್ಯಾಟೆರಸ್‌ನಿಂದ ಕಾರು ಸಮೇತ ಫೆರಿ ಹತ್ತಿದರೆ ಸುಮಾರು ಒಂದು ಗಂಟೆ. ಊರೊಳಗೆ ಬ್ರಿಟಿಷ್ ಸಿಮೆಟ್ರಿ ರೋಡ್ ಎಂಬ ಕಿರುದಾರಿಯಲ್ಲಿ ನಡೆದೇ ಹೋಗಿ. ಓಕ್ ಮರಗಳ ನೆರಳಲ್ಲಿ ಬಿಳಿ ಬಣ್ಣದ ಮರದ ಬೇಲಿ, ನಮ್ಮ ಮನೆಯಂಗಳದಷ್ಟು ಜಾಗ, ನಾಲ್ಕು ಸಮಾಧಿ. ಎರಡರ ಮೇಲೆ ಹೆಸರು, ಎರಡರ ಮೇಲಿಲ್ಲ. ಕಾಲಡಿ ಮರಳು. ಕುಮಟಾ ಕಡೆ ಸಮುದ್ರದ ಸದ್ದಿನಲ್ಲೇ ಬೆಳೆದ ನನಗೆ ಅಲ್ಲಿ ನಿಂತಾಗ ಹೆಸರಿಲ್ಲದ ಆ ಎರಡು ಸಮಾಧಿಗಳ ಮುಂದಿನಿಂದ ಕಾಲೇ ಏಳಲಿಲ್ಲ. ಯಾವುದೋ ಮನೆಯಲ್ಲಿ 'ಎಲ್ಲಿದ್ದಾನೋ' ಎಂದು ಕಾದು ಕಾದು ತೀರಿಹೋದ ತಾಯಂದಿರು ಇರಬೇಕಲ್ಲ. ಮಗ ಇಲ್ಲಿದ್ದಾನೆ.

ಸಮಾಧಿಗಳನ್ನು ನೋಡಿಕೊಳ್ಳುವುದು ಅಮೆರಿಕದ ಕೋಸ್ಟ್ ಗಾರ್ಡ್‌ನವರು. ಪ್ರತಿ ವರ್ಷ ಮೇ ತಿಂಗಳಲ್ಲಿ ಊರಿನವರು, ಶಾಲೆಯ ಮಕ್ಕಳು, ಬ್ರಿಟನ್ನಿನ ಪ್ರತಿನಿಧಿಗಳು ಸೇರಿ ನಮನ ಸಲ್ಲಿಸುತ್ತಾರೆ. ಹ್ಯಾಟೆರಸ್ ದ್ವೀಪದ ಬಕ್ಸ್‌ಟನ್‌ನಲ್ಲೂ ಇಂಥದೇ ಚಿಕ್ಕ ಜಾಗವಿದೆ. ಅಲ್ಲಿ ಸ್ಯಾನ್ ಡೆಲ್ಫಿನೊದ ಎಂಜಿನಿಯರ್ ಮೈಕೆಲ್ ಕೇರ್ನ್ಸ್ ಪಕ್ಕದಲ್ಲಿ ಬೆಡ್‌ಫರ್ಡ್‌ಶೈರ್‌ನ ಇನ್ನೊಬ್ಬ ಹೆಸರಿಲ್ಲದ ನಾವಿಕ.

ಹಡಗು ಈಗ ಎಲ್ಲಿದೆ?

ಕೇಪ್ ಲುಕ್‌ಔಟ್‌ನ ಆಚೆ, ಸುಮಾರು 32 ಮೀಟರ್ ಆಳದಲ್ಲಿ. 1980ರಲ್ಲಿ ಮುಳುಗುಗಾರರು ಗುರುತಿಸಿದರು. ಒಡಲು ಒಂದೇ ತುಂಡಾಗಿ ಉಳಿದಿಲ್ಲ, ತುಣುಕುಗಳು ಮರಳ ಮೇಲೆ ಚೆಲ್ಲಿವೆ. 2015ರಲ್ಲಿ ಅಮೆರಿಕದ ಐತಿಹಾಸಿಕ ತಾಣಗಳ ರಾಷ್ಟ್ರೀಯ ಪಟ್ಟಿಗೆ ಸೇರಿತು. ಪರಿಣತ ಡೈವರ್‌ಗಳು ಹೋಗಿ ನೋಡುತ್ತಾರೆ. ನೋಡಿ, ಆದರೆ ಒಂದು ಬೋಲ್ಟನ್ನೂ ಎತ್ತಿಕೊಂಡು ಬರಬೇಡಿ. ಮೂವತ್ತಕ್ಕೂ ಹೆಚ್ಚು ಜನ ಮೇಲೆ ಬರಲೇ ಇಲ್ಲ, ಅದು ಅವರ ಜಾಗ.

ಮುಳುಗಿಸಿದ ಯು-558 ಏನಾಯ್ತು?

1943ರ ಜುಲೈ 20ರಂದು ಬಿಸ್ಕೇ ಕೊಲ್ಲಿಯಲ್ಲಿ ಲಿಬರೇಟರ್ ವಿಮಾನಗಳ ಬಾಂಬಿಗೆ ಸಿಕ್ಕಿ ಮುಳುಗಿತು. ಉಳಿದವರು ಐದೇ ಜನ, ಅವರಲ್ಲಿ ಕ್ರೆಖ್ ಒಬ್ಬ.

ಈ ಟ್ರಾಲರ್‌ಗಳಿಂದ ಅಮೆರಿಕಕ್ಕೆ ನಿಜವಾಗಿ ಪ್ರಯೋಜನ ಆಯ್ತಾ?

ಆಯಿತು, ಆದರೆ ಟ್ರಾಲರ್ ಒಂದರಿಂದಲೇ ಅಲ್ಲ. ಮೇ ಮಧ್ಯದಲ್ಲಿ ಅಮೆರಿಕ ಕೊನೆಗೂ ಕರಾವಳಿಯುದ್ದಕ್ಕೂ ಕಾನ್ವಾಯ್ ಪದ್ಧತಿ ತಂದಿತು. ಸರಕು ಹಡಗುಗಳು ಗುಂಪಾಗಿ, ಸುತ್ತ ಬೆಂಗಾವಲಿನೊಂದಿಗೆ ಹೋಗತೊಡಗಿದವು. ದಡದ ದೀಪ ಮಬ್ಬಾಯಿತು, ವಿಮಾನಗಳು ಹೆಚ್ಚಿದವು. ಜುಲೈ ಹೊತ್ತಿಗೆ ಡೋನಿಟ್ಸ್ ತನ್ನ ಯು-ಬೋಟ್‌ಗಳನ್ನು ಅಲ್ಲಿಂದ ಹಿಂದಕ್ಕೆ ಕರೆಸಿಕೊಳ್ಳಬೇಕಾಯಿತು. ಕಾನ್ವಾಯ್ ಹೊರಡಬೇಕಾದರೆ ಬೆಂಗಾವಲಿಗೆ ಇಷ್ಟು ಹಡಗು ಎಂದು ಕೈಯಲ್ಲಿರಬೇಕು. ಆ ಲೆಕ್ಕ ತುಂಬಿದ್ದರಲ್ಲಿ ಟ್ರಾಲರ್‌ಗಳ ಪಾಲು ದೊಡ್ಡದು. ಬೆಡ್‌ಫರ್ಡ್‌ಶೈರ್ ಇದನ್ನು ಕಾಣಲು ಕೆಲವೇ ದಿನ ಉಳಿಯಬೇಕಿತ್ತು.

ನಮ್ಮ ಭಾರತದ ನೌಕಾಪಡೆಯಲ್ಲೂ ಇಂಥವು ಇದ್ದವಾ?

ಇದ್ದವು. ಅದೇ ಯುದ್ಧದಲ್ಲಿ ರಾಯಲ್ ಇಂಡಿಯನ್ ನೇವಿಗಾಗಿ ಬ್ಯಾಸೆಟ್ ಮಾದರಿಯ ಟ್ರಾಲರ್‌ಗಳನ್ನು ಭಾರತದಲ್ಲೇ ಕಟ್ಟಿದರು. ಅಮೃತಸರ, ರಾಂಪುರ, ನಾಸಿಕ್, ತಿರುವಾಂಕೂರು ಹೀಗೆ ನಮ್ಮ ಊರು ಸೀಮೆಗಳ ಹೆಸರು. ವ್ಯತ್ಯಾಸ ಇಷ್ಟೇ: ಅವು ಮೀನು ಹಿಡಿದವಲ್ಲ, ಟ್ರಾಲರ್ ಆಕಾರದಲ್ಲಿ ಯುದ್ಧಕ್ಕೆಂದೇ ಕಟ್ಟಿದವು.

ಇಂಥ ಚಿಕ್ಕ ಹಡಗಿನ ಸೇವೆಯ ಇತಿಹಾಸ ನಾನೇ ಹುಡುಕಬೇಕು ಅಂದ್ರೆ ಎಲ್ಲಿಂದ ಶುರು ಮಾಡಲಿ?

ಮೊದಲು ಹೆಸರನ್ನು ನಂಬಬೇಡಿ, ಸಂಖ್ಯೆ ಹಿಡಿಯಿರಿ. ಒಂದೇ ಹೆಸರಿನ ಟ್ರಾಲರ್‌ಗಳು ಎರಡು ಯುದ್ಧಗಳಲ್ಲೂ ಸಿಗುತ್ತವೆ. ಮೀನುಗಾರಿಕೆಯ ಕಾಲದ ನೋಂದಣಿ ಅಕ್ಷರ ಒಂದು (ಗ್ರಿಮ್ಸ್‌ಬಿಯದ್ದು ಜಿವೈ), ನೌಕಾಪಡೆಯ ಸಂಖ್ಯೆ ಇನ್ನೊಂದು. ಎರಡನ್ನೂ ಜೋಡಿಸಿದರೆ ಹಡಗು ಕೈಗೆ ಸಿಕ್ಕಂತೆ. ಟನ್ ಲೆಕ್ಕದಲ್ಲೂ ಎಚ್ಚರ ಬೇಕು. ಗ್ರಾಸ್ ಟನ್ ಒಳಗಿನ ಜಾಗದ ಅಳತೆ, ಡಿಸ್‌ಪ್ಲೇಸ್‌ಮೆಂಟ್ ತೂಕದ ಅಳತೆ. ಒಂದೇ ಹಡಗಿಗೆ ಎರಡು ಅಂಕಿ ಕಂಡರೆ ಅದು ತಪ್ಪೆಂದುಕೊಳ್ಳಬೇಡಿ.

ಆಮೇಲೆ ಲಂಡನ್ನಿನ ಕ್ಯೂನಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನ ನೌಕಾಪಡೆ ಕಡತಗಳು. ಟ್ರಾಲರ್‌ಗಳ ದಿನಚರಿ ಪುಸ್ತಕ ಉಳಿದಿರುವುದು ಅಪರೂಪ, ಆದ್ದರಿಂದ ಅವು ಕೆಲಸ ಮಾಡಿದ ಬಂದರು, ಜೊತೆಗಿದ್ದ ಕಾನ್ವಾಯ್‌ಗಳ ವರದಿಯೊಳಗೆ ಹುಡುಕಬೇಕು. ಸತ್ತವರ ವಿವರ ಯುದ್ಧಸಮಾಧಿ ಆಯೋಗದ ಪಟ್ಟಿಯಲ್ಲಿ ಸಿಗುತ್ತದೆ. ಯು-ಬೋಟ್ ಮುಳುಗಿಸಿದ ಹಡಗಾದರೆ ಜರ್ಮನ್ ದಿನಚರಿ ನೋಡದೆ ಬರೆಯಲು ಹೊರಡಬೇಡಿ, ಮೇಲೆ ಹೇಳಿದ ಆರು ಗಂಟೆಯ ವ್ಯತ್ಯಾಸ ಕಳೆದೇ ಓದಿ.

ಕೊನೆಯದಾಗಿ ಆ ದಡದ ಊರಿಗೆ ಹೋಗಿ. ಬಾವುಟದ ವಿಷಯ, ಬಾತುಕೋಳಿ ಬೇಟೆಯ ಪೆಟ್ಟಿಗೆಯ ವಿಷಯ ಉಳಿದುಬಂದದ್ದು ಓಕ್ರಕೋಕ್‌ನ ಜನ ಅದನ್ನು ಮಕ್ಕಳಿಗೆ ಹೇಳುತ್ತಾ ಬಂದದ್ದರಿಂದ.